ಮೊಡವೆ ಕಲೆಗೆ ಇನ್ನೂರು ರೂಪಾಯಿ ಟ್ಯೂಬು, ಮಿಕ್ಕಿದ್ದೆಲ್ಲ ಬಿಸಿಲಿನ ಜೊತೆ ಜಗಳ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೆನ್ನೆ ಮೇಲಿನ ಕಲೆ ಹೋಗಿದೆ. ಪೂರ್ತಿ ಅಲ್ಲ, ಹತ್ತರಲ್ಲಿ ಎಂಟು ಪಾಲು ಅಂತಿಟ್ಟುಕೊಳ್ಳಿ. "ಇವು ಮನೇಲಿ ಹೋಗೋ ಕಲೆ ಅಲ್ಲ, ಲೇಸರ್ ಮಾಡಿಸು" ಅಂದಿದ್ದವರೇ ಈಗ ಏನು ಹಚ್ಚುತ್ತೀಯ ಅಂತ ಕೇಳುತ್ತಿದ್ದಾರೆ. ಮುಖ ತೊಳೆಯೋದು, ಮಾಯಿಶ್ಚರೈಸರ್, ಪ್ಯಾಚ್ ಟೆಸ್ಟ್ (ಮೊದಲು ಸಣ್ಣ ಜಾಗಕ್ಕೆ ಹಚ್ಚಿ ನೋಡೋದು) ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಮತ್ತೆ ಹೇಳಲ್ಲ.

ನಾನು ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳ ಬರುವ ಕಾಲದಲ್ಲಿ ಸಂಜೆ ಹತ್ತಿಯಿಂದ ಮುಖ ಒರೆಸಿದರೆ ಹತ್ತಿ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಅದರ ಮೇಲೆ ಸ್ಕೂಟಿ, ಹೆಲ್ಮೆಟ್ಟು, ಮಾರ್ಚ್‌ನಿಂದಲೇ ಸುಡುವ ಬಿಸಿಲು. ಹೆಲ್ಮೆಟ್ ಪಟ್ಟಿ ಉಜ್ಜುವ ಗದ್ದದ ಅಂಚಿನಲ್ಲೇ ನನಗೆ ಮೊಡವೆ ಜಾಸ್ತಿ. ಮೊಡವೆ ಒಣಗಿದರೂ ಕಂದು ಕಲೆ ತಿಂಗಳುಗಟ್ಟಲೆ ಹೋಗುತ್ತಿರಲಿಲ್ಲ.

ದುಡ್ಡು ಎಲ್ಲೆಲ್ಲಿ ಹೋಯ್ತು ಕೇಳಿ. ನಿಂಬೆರಸ ಪುಕ್ಕಟೆ, ಆದರೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಲೆ ಏಳುತ್ತದೆ. ನನಗೆ ಮೂಗಿನ ಪಕ್ಕ ಎದ್ದಿತ್ತು. ಫೇಶಿಯಲ್‌ಗೆ ಒಂದು ಸಲಕ್ಕೆ ಏಳೆಂಟು ನೂರು. ಮದುವೆಗೆ ಹೋಗುವ ದಿನ ಹೊಳಪು, ಮಾರನೇ ದಿನ ಅದೇ ಮುಖ. ಆಮೇಲೆ ಒಂದು ಕ್ಲಿನಿಕ್‌ನಲ್ಲಿ ಕೆಮಿಕಲ್ ಪೀಲ್ ಮಾಡಿಸಿದೆ, ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸೋದು. ಸಿಟ್ಟಿಂಗ್‌ಗೆ ಎರಡೂವರೆ ಸಾವಿರದ ಹತ್ತಿರ. ಸನ್‌ಸ್ಕ್ರೀನ್ ಬಗ್ಗೆ ಅಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಸಿಪ್ಪೆ ಏಳುತ್ತಿದ್ದ ಮುಖದಲ್ಲೇ ಸ್ಕೂಟಿ ಓಡಿಸಿದೆ, ಕಲೆ ಮೊದಲಿಗಿಂತ ಕಪ್ಪಾಯಿತು. ಕೇಳಿದರೆ "ಇನ್ನೂ ನಾಲ್ಕು ಸಿಟ್ಟಿಂಗ್ ಬೇಕು ಮೇಡಂ" ಅಂದರು. ಬೇಕು ಬೇಕು, ಅವರಿಗೆ ಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಮೂರು ಔಷಧ ಬೆರೆಸಿದ ಒಂದು ಕ್ರೀಮು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಅನ್ನುವ ಸ್ಟೆರಾಯ್ಡ್. ಮೊದಲೆರಡು ವಾರ ಮುಖ ಲಕಲಕ ಹೊಳೆಯಿತು, ಅಂಗಡಿಯಲ್ಲಿ ಎಲ್ಲರೂ ಕೇಳಿದರು. ಬಿಟ್ಟ ಕೂಡಲೇ ಉರಿ, ಕೆಂಪು, ಗುಂಪು ಗುಂಪಾಗಿ ಮೊಡವೆ. ಹಚ್ಚುವ ಸ್ಟೆರಾಯ್ಡ್‌ಗಳಿಗೆ ಡಾಕ್ಟರ ಚೀಟಿ ಬೇಕು ಅಂತ 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಕೌಂಟರಿನಲ್ಲಿ ಕೇಳಿದರೆ ಕೊಟ್ಟುಬಿಡುತ್ತಾರೆ. ಟ್ಯೂಬಿನ ಹಿಂದೆ 'ಸೋನ್' ಅಂತ ಮುಗಿಯುವ ಹೆಸರಿದ್ದರೆ ವಾಪಸ್ ಇಟ್ಟು ಬನ್ನಿ.

ಕಲೆಗೆ ಕೊನೆಗೆ ಹಿಡಿದದ್ದು ಅಜೆಲಾಯಿಕ್ ಆಸಿಡ್ ಕ್ರೀಮ್, ಹತ್ತು ಪರ್ಸೆಂಟ್, ಸಣ್ಣ ಟ್ಯೂಬು ಹೆಚ್ಚುಕಮ್ಮಿ ಇನ್ನೂರು ರೂಪಾಯಿ. ಮೊದಮೊದಲು ಇರುವೆ ಹರಿದಾಡಿದ ಹಾಗೆ ಚುರುಚುರು ಅನ್ನುತ್ತದೆ, ಆಮೇಲೆ ನಿಲ್ಲುತ್ತದೆ. ಗೋಧಿ, ಬಾರ್ಲಿಯಲ್ಲೂ ಇರುವ ಆಸಿಡ್ ಇದು ಅಂತ ನಮ್ಮ ಸಾವ್ಕಾರ್ರಿಗೆ ಹೇಳಿದೆ. "ಹಂಗಾದ್ರೆ ಟ್ಯೂಬ್ ಯಾಕಮ್ಮ, ಗೋಧಿ ಚೀಲಕ್ಕೆ ಮುಖ ಉಜ್ಜು" ಅಂದರು. ಮೊಡವೆಗೆ ಅಡಾಪಲೀನ್ 0.1 ಪರ್ಸೆಂಟ್ ಜೆಲ್, ವಾರಕ್ಕೆ ಎರಡು ರಾತ್ರಿ, ಇಡೀ ಮುಖಕ್ಕೆ ಕಡಲೆಕಾಳಿನಷ್ಟು. ಆ ರಾತ್ರಿ ಅಜೆಲಾಯಿಕ್‌ಗೆ ರಜೆ. ಬಸುರಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಅಡಾಪಲೀನ್ ಮುಟ್ಟಬೇಡಿ.

ಆದರೆ ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಮಾಡಿದ್ದು ಸನ್‌ಸ್ಕ್ರೀನ್. ದುಡ್ಡು ಜಾಸ್ತಿ ಹೋಗೋದೂ ಅದಕ್ಕೇ. ಎರಡು ಬೆರಳಿನುದ್ದ ಹಚ್ಚಿದರೆ ಐದುನೂರರ ಟ್ಯೂಬು ತಿಂಗಳು ಬಂದರೆ ಹೆಚ್ಚು. ಉಗುರಿನಷ್ಟು ಹಚ್ಚಿ "ನಮಗೆ ಆಗಿಬರಲಿಲ್ಲ" ಅನ್ನುವವರು ಬೇಕಾದಷ್ಟು ಜನ. ನಮ್ಮಂಥ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕಿಗೂ ಕಲೆ ಕಪ್ಪಾಗುತ್ತದೆ. ಅದಕ್ಕೆ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಹುಡುಕಿ. ಮುಖ ಬೆಳ್ಳಗೆ ಬಳಿದುಕೊಂಡಂತೆ ಕಾಣುವ ಕಾಟವೂ ತಪ್ಪುತ್ತದೆ. ಹೆಲ್ಮೆಟ್ ಒಳಗೆ ಬೆವರಿದರೂ ಅಳಿಸದಂತೆ ಹಚ್ಚೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ, ಕಷ್ಟಪಟ್ಟು ಕಂಡುಕೊಂಡದ್ದು.

ನಡುವೆ ಒಂದು ಆಟವನ್ನೂ ಆಡಿದೆ. ಬಲಗೆನ್ನೆಗೆ ಅಜೆಲಾಯಿಕ್, ಎಡಗೆನ್ನೆಗೆ ಅಮ್ಮನ ಕಡಲೆಹಿಟ್ಟು-ಅರಿಶಿನ. ಸನ್‌ಸ್ಕ್ರೀನ್ ಎರಡಕ್ಕೂ. ಎರಡು ತಿಂಗಳು ದಾಟುವ ಹೊತ್ತಿಗೆ ಬಲಗಡೆ ಮುಂದಿತ್ತು, ಕಿಟಕಿ ಪಕ್ಕ ನಿಂತು ತೆಗೆದ ಫೋಟೋದಲ್ಲಿ ಸ್ಪಷ್ಟ ಕಾಣುತ್ತಿತ್ತು. ಎಡಗಡೆಯೂ ಒಂದಿಷ್ಟು ತಿಳಿಯಾಗಿತ್ತು. ಅಮ್ಮ ಅದನ್ನೇ ಹಿಡಿದುಕೊಂಡು "ನೋಡು, ಕಡಲೆಹಿಟ್ಟು" ಅಂದರು. ಅದು ಸನ್‌ಸ್ಕ್ರೀನ್ ಮಾಡಿದ್ದು ಅಂತ ನಾನು, ವಾದ ಇನ್ನೂ ಮುಗಿದಿಲ್ಲ. ಮೊಣಕೈ ಕಪ್ಪಿಗೂ ಉಳಿದ ಕ್ರೀಮ್ ಹಚ್ಚಿ ನೋಡಿದೆ, ಸುಮ್ನೆ ದಂಡ.

ನನಗೆ ಕೆಂಪು ಕಲೆಗಳು ನಿಧಾನಕ್ಕೆ ಹೋದವು, ಕಂದು ಕಲೆಗಳು ಬೇಗ. ಗುಂಡಿ ಬಿದ್ದಿದ್ದರೆ ಯಾವ ಟ್ಯೂಬೂ ತುಂಬಲ್ಲ, ಅದಕ್ಕೆ ಚರ್ಮದ ಡಾಕ್ಟರೇ ಬೇಕು. ನನಗೂ ಕಣತಲೆ ಹತ್ತಿರ ಎರಡು ಗುಂಡಿ ಹಾಗೇ ಇವೆ. ಒಟ್ಟು ಖರ್ಚು ತಿಂಗಳಿಗೆ ಏಳುನೂರರ ಆಸುಪಾಸು, ಒಂದು ಪೀಲ್ ದುಡ್ಡಲ್ಲಿ ಮೂರು ತಿಂಗಳು ದಾಟುತ್ತದೆ. ಈಗ ತಂಗಿಯೂ ಶುರು ಮಾಡಿದ್ದಾಳೆ, ಟ್ಯೂಬ್ ಮಾತ್ರ ನನ್ನದು.