ಕಾಣದ ಕಪ್ಪುಕುಳಿಯನ್ನು ತೂಗುವುದು ಹೇಗೆ? ಮೊಬೈಲ್ ಕ್ಯಾಲ್ಕುಲೇಟರ್ ಸಾಕು!

ಹಸುವನ್ನು ಗೂಟಕ್ಕೆ ಕಟ್ಟಿ ಹೋಗಿರುತ್ತೀರಿ. ಸಂಜೆ ಬಂದು ನೋಡಿದರೆ ಮೇದ ಜಾಗ ದುಂಡಗೆ ಕಾಣುತ್ತದೆ. ಗೂಟ ಎಲ್ಲಿತ್ತು ಅಂತ ಯಾರೂ ಹೇಳಬೇಕಿಲ್ಲ, ಅಲ್ವಾ? ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಲೆಕ್ಕವೂ ಹೀಗೇ. ಅದರಿಂದ ಬೆಳಕೂ ಹೊರಬರುವುದಿಲ್ಲ. ಹಾಗಾಗಿ ಅದನ್ನು ಬಿಟ್ಟು, ಸುತ್ತ ತಿರುಗುವುದನ್ನು ನೋಡಬೇಕು.

ಹಂತ 1: ದಿಕ್ಕು ಹಿಡಿಯಿರಿ
ನಮ್ಮ ಕ್ಷೀರಪಥದ ನಡುವಿನ ಕಪ್ಪುಕುಳಿಯ ಹೆಸರು ಸ್ಯಾಜಿಟೇರಿಯಸ್ ಎ ಸ್ಟಾರ್. ಧನು ರಾಶಿಯಲ್ಲಿ, ವೃಶ್ಚಿಕದ ಬಾಲದ ಹತ್ತಿರವಿದೆ. ಜುಲೈ ರಾತ್ರಿ ದಕ್ಷಿಣಕ್ಕೆ ನೋಡಿ ಅನ್ನಬಹುದಿತ್ತು, ಆದರೆ ಆಗ ನಮ್ಮಲ್ಲಿ ಕಾಣುವುದು ಬರೀ ಮೋಡ! ಏಪ್ರಿಲ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಏಳಿ.

ಹಂತ 2: ಒಂದು ನಕ್ಷತ್ರ ಆರಿಸಿಕೊಳ್ಳಿ
ಈ ಕೆಲಸವನ್ನು ಬೇರೆಯವರು ಮಾಡಿಟ್ಟಿದ್ದಾರೆ. 1990ರ ದಶಕದಿಂದ ಖಗೋಳ ವಿಜ್ಞಾನಿಗಳಾದ ರೈನ್‌ಹಾರ್ಡ್ ಗೆನ್ಜೆಲ್ ತಂಡ ಚಿಲಿಯಿಂದ, ಆಂಡ್ರಿಯಾ ಗೇಜ್ ತಂಡ ಹವಾಯಿಯಿಂದ ಅಲ್ಲಿನ ನಕ್ಷತ್ರಗಳ ಬೆನ್ನು ಬಿದ್ದವು. ನಡುವೆ ದೂಳು ಜಾಸ್ತಿ, ಅದಕ್ಕೇ ದೂಳನ್ನು ದಾಟಿ ಬರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡಿದರು. ಇಬ್ಬರಿಗೂ 2020ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಎಸ್2 ಎಂಬ ನಕ್ಷತ್ರ ಸುಮಾರು 16 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ದಾರಿ ಮೊಟ್ಟೆಯಂತೆ ಉದ್ದ. ಆ ಉದ್ದದ ಅರ್ಧ, ಭೂಮಿ–ಸೂರ್ಯರ ದೂರದ ಸಾವಿರ ಪಟ್ಟಿಗಿಂತ ತುಸು ಜಾಸ್ತಿ.

ಹಂತ 3: ಗುಣಿಸಿ, ಭಾಗಿಸಿ
ಖಗೋಳ ವಿಜ್ಞಾನಿ ಕೆಪ್ಲರ್ 1619ರಲ್ಲೇ ಕೊಟ್ಟ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಸಾವಿರ ಪಟ್ಟನ್ನು ಮೂರು ಸಲ ಇಟ್ಟು ಗುಣಿಸಿ, ಸುತ್ತಿನ ವರ್ಷವನ್ನು ಎರಡು ಸಲ ಇಟ್ಟು ಗುಣಿಸಿದ್ದರಿಂದ ಭಾಗಿಸಿದರೆ, ನಡುವಿನ ತೂಕ ಎಷ್ಟು ಸೂರ್ಯರಷ್ಟು ಅಂತ ಸಿಗುತ್ತದೆ. 1000 × 1000 × 1000 ಅಂದರೆ 100 ಕೋಟಿ. 16 × 16 ಅಂದರೆ 256. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಸುಮಾರು 39 ಲಕ್ಷ ಬಂತಾ? ಅಷ್ಟು ಸೂರ್ಯರ ತೂಕ! ವಿಜ್ಞಾನಿಗಳ ಲೆಕ್ಕ ಸುಮಾರು 43 ಲಕ್ಷ. ನಾವು ‘ತುಸು ಜಾಸ್ತಿ’ಯನ್ನು ಬಿಟ್ಟೆವಲ್ಲ, ಅದರ ವ್ಯತ್ಯಾಸ ಇದು.

ಹಂತ 4: ಗಾತ್ರ
ಒಂದು ಸೂರ್ಯನ ತೂಕಕ್ಕೆ ಕಪ್ಪುಕುಳಿಯ ತ್ರಿಜ್ಯ 3 ಕಿ.ಮೀ. ಅಂತ ಲೆಕ್ಕ ಹಿಡಿಯಿರಿ. 43 ಲಕ್ಷಕ್ಕೆ ಸುಮಾರು 1.3 ಕೋಟಿ ಕಿ.ಮೀ. ಬುಧ ಗ್ರಹ ಸೂರ್ಯನಿಂದ ಸರಾಸರಿ 5.8 ಕೋಟಿ ಕಿ.ಮೀ. ದೂರದಲ್ಲಿದೆ. ಅಂದರೆ ಇಷ್ಟು ಭಾರವೆಲ್ಲ ಬುಧನ ದಾರಿಯೊಳಗೇ ಹಿಡಿಯುತ್ತದೆ.

ಹಾಗಂತ ಅದು ಎಲ್ಲವನ್ನೂ ಸುಮ್ನೆ ಎಳೆದು ನುಂಗುವ ವ್ಯಾಕ್ಯೂಮ್ ಕ್ಲೀನರ್ ಅಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೆ ಭೂಮಿ ಹೆಪ್ಪುಗಟ್ಟುತ್ತದೆ, ಆದರೆ ದಾರಿ ತಪ್ಪುವುದಿಲ್ಲ. ಎಸ್2 ಕೂಡ 2018ರ ಮೇನಲ್ಲಿ ಸೆಕೆಂಡಿಗೆ 7,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಕಪ್ಪುಕುಳಿಯ ಪಕ್ಕದಲ್ಲೇ ನುಗ್ಗಿ, ಆರಾಮಾಗಿ ಆಚೆ ಬಂತು. ಇನ್ನು ಹತ್ತಿರ ಬರುವುದು 2034ರ ಸುಮಾರಿಗೆ.