ಸ್ಲೈಡ್ ನೋಡದೆ ಸಹಿ ಹಾಕಿದ ರಿಪೋರ್ಟು

ಶಿರಸಿಯ ಲ್ಯಾಬಿನಲ್ಲಿ ಕೂತವರಿಗೆ ಬೇಸಿಗೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಕಂಡರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. ಸಿದ್ದಾಪುರ ಕಡೆಯ ರೋಗಿಯಾದರಂತೂ ಬೇರೆ ಯೋಚನೆಯೇ ಬರುವುದಿಲ್ಲ. ನಾನು ಮುಗ್ಗರಿಸಿದ್ದು ಅಲ್ಲೇ.

ಎಪ್ಪತ್ತರ ಹತ್ತಿರದ ಅಡಿಕೆ ಬೆಳೆಗಾರರು. ಎರಡು ದಿನ ಜ್ವರ ಬಂದು ಬಿಟ್ಟಿತ್ತು. ಪ್ಲೇಟ್‌ಲೆಟ್ 84,000. ಮಂಗನ ಕಾಯಿಲೆಯ ಪರೀಕ್ಷೆ ನೆಗೆಟಿವ್ ಬಂತು, ಎಲ್ಲರೂ ನಿರಾಳ. ಅವತ್ತು ಕೆಲಸದ ಗಡಿಬಿಡಿಯಲ್ಲಿ ನಾನು ಮಷೀನು ಕೊಟ್ಟ ಅಂಕಿಗೇ ಸಹಿ ಹಾಕಿದ್ದೆ.

ಎರಡು ತಿಂಗಳ ಮೇಲೆ ಅದೇ ಹೆಸರು. ಹಿಮೋಗ್ಲೋಬಿನ್ 7.1, ಪ್ಲೇಟ್‌ಲೆಟ್ 52,000, ಬಿಳಿ ರಕ್ತಕಣ 18,000. ಈ ಸಲ ಲೀಶ್‌ಮನ್ ಬಣ್ಣ ಹಾಕಿಸಿ ಸ್ಲೈಡನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. ಎಷ್ಟೋ ಕೆಂಪು ಕಣಗಳು ಬಾಲ ಎಳೆದ ಕಣ್ಣೀರ ಹನಿಯ ಹಾಗಿದ್ದವು. ನಡುನಡುವೆ ನ್ಯೂಕ್ಲಿಯಸ್ ಇನ್ನೂ ಕಳಚದ ಕೆಂಪು ಕಣಗಳು, ನೂರು ಬಿಳಿ ಕಣಕ್ಕೆ 20. ಜೊತೆಗೆ ಮೂಳೆಯ ಮಜ್ಜೆ ಬಿಟ್ಟು ಹೊರಬರಬಾರದ ಮೈಲೋಸೈಟೆಂಬ ಎಳೆ ಬಿಳಿ ಕಣಗಳು. ನಮ್ಮ ಮಷೀನು ನ್ಯೂಕ್ಲಿಯಸ್ ಇರುವ ಕೆಂಪು ಕಣವನ್ನೂ ಬಿಳಿಯದೆಂದೇ ಎಣಿಸುತ್ತದೆ. 18,000ವನ್ನು 100ರಿಂದ ಗುಣಿಸಿ 120ರಿಂದ ಭಾಗಿಸಿದರೆ ಸರಿಯಾದ ಲೆಕ್ಕ 15,000.

ಇದಕ್ಕೆ ಲ್ಯೂಕೋಎರಿತ್ರೋಬ್ಲಾಸ್ಟಿಕ್ ಚಿತ್ರ ಎನ್ನುತ್ತೇವೆ. ಮಜ್ಜೆಯ ಜಾಗವನ್ನು ಬೇರೇನೋ ಹಿಡಿದುಕೊಂಡಾಗ ಎಳೆ ಕಣಗಳು ಹೊತ್ತಿಗೆ ಮುಂಚೆ ರಕ್ತಕ್ಕೆ ಬೀಳುತ್ತವೆ. ಮಜ್ಜೆಯೇ ನಾರುಗಟ್ಟುವ ಮೈಲೋಫೈಬ್ರೋಸಿಸ್ ಇರಬಹುದು, ಮಜ್ಜೆಗಿಳಿದ ಕ್ಷಯ ಇರಬಹುದು. ವಿಪರೀತ ಸೋಂಕು, ರಕ್ತಸ್ರಾವದಲ್ಲೂ ಕಾಣುವುದುಂಟು. ಆದರೆ ಆ ವಯಸ್ಸಿನ ಗಂಡಸರೆಂದ ಮೇಲೆ ಮೂಳೆಗೆ ಹರಡುವ ಪ್ರೋಸ್ಟೇಟ್ ಕ್ಯಾನ್ಸರ್ ನೆನಪಾಗಲೇಬೇಕು. ಕರೆಸಿ, ಸೊಂಟ ನೋವಿದೆಯೇ ಎಂದು ಕೇಳಿದೆ.

“ಅಡಿಕೆ ಕೊನೆ ಹೊತ್ತ ಸೊಂಟ ಡಾಕ್ಟ್ರೇ, ನೋವಿಲ್ದೆ ಇರ್ತದಾ?”

ಎಂಟು ತಿಂಗಳಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರಂತೆ. ರಾತ್ರಿ ಮಲಗಿದರೂ ಬಿಡದ ನೋವು.

ಅವರನ್ನು ಒಪ್ಪಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೊಂಟದ ಹಿಂದಿನ ಮೂಳೆಗೆ ಸೂಜಿ ಇಳಿಸಿದೆ. ಸಿರಿಂಜ್ ಎಳೆದರೆ ಒಂದು ಹನಿಯೂ ಬರಲಿಲ್ಲ. ಡ್ರೈ ಟ್ಯಾಪ್. ಕಲಿಯುವಾಗ ಹೀಗಾದರೆ ಕೈಚಳಕ ಸಾಲದೆಂದು ನಾಚಿಕೊಳ್ಳುತ್ತಿದ್ದೆ. ಎಷ್ಟೋ ಸಲ ಅದು ಮಜ್ಜೆ ಕಿಕ್ಕಿರಿದು ಗಟ್ಟಿಯಾಗಿರುವ ಗುರುತು. ಹಾಗಾಗಿ ಬಯಾಪ್ಸಿ ಚೂರನ್ನು ಫಾರ್ಮಲಿನ್‌ಗೆ ಹಾಕುವ ಮುಂಚೆ ಗಾಜಿನ ಮೇಲೆ ಮೆಲ್ಲಗೆ ಒತ್ತಿ ಅಚ್ಚು ತೆಗೆದೆ. ಅರ್ಧ ಗಂಟೆಯಲ್ಲಿ ಉತ್ತರ ಸಿಕ್ಕಿತು: ಒಂದಕ್ಕೊಂದು ಅಂಟಿಕೊಂಡ ದೊಡ್ಡ ಕಣಗಳ ಗುಂಪು, ಮಜ್ಜೆಯವಲ್ಲ. ಪ್ರೋಸ್ಟೇಟಿಗಾಗಿ ಮಾಡುವ ರಕ್ತಪರೀಕ್ಷೆ ಪಿಎಸ್‌ಎ 600 ದಾಟಿತ್ತು. ಬಯಾಪ್ಸಿ ಚೂರನ್ನು ಮೇಣದಲ್ಲಿ ಕೂರಿಸಿ ಹುಬ್ಬಳ್ಳಿಗೆ ಕಳಿಸಿದ ಬ್ಲಾಕ್‌ನಲ್ಲೂ ಪ್ರೋಸ್ಟೇಟ್ ಕ್ಯಾನ್ಸರ್ ಎಂದೇ ಬಂತು. ಹಾರ್ಮೋನ್ ಇಂಜೆಕ್ಷನ್ ಶುರುವಾಯಿತು.

ಅದಾದ ಮೇಲೆ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿರುವ ಯಾವ ರಿಪೋರ್ಟಿಗೂ ಸ್ಲೈಡ್ ನೋಡದೆ ಸಹಿ ಹಾಕಿಲ್ಲ. ಮುರಿದ ಕೆಂಪು ಕಣಗಳು ಕಂಡರೆ ಟಿಟಿಪಿ (ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ) ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದಿಲ್ಲ, ಹೊಟ್ಟೆಯ ಕ್ಯಾನ್ಸರಿನಲ್ಲೂ ಹಾಗಾಗುತ್ತದೆ, ಅದಕ್ಕೆ ಟಿಟಿಪಿಗೆ ಮಾಡುವಂತೆ ಪ್ಲಾಸ್ಮಾ ಬದಲಾಯಿಸಿ ಪ್ರಯೋಜನವಿಲ್ಲ. ಕೆಂಪು ಕಣದ ತಯಾರಿ ಮಾತ್ರ ನಿಂತಿದ್ದರೆ ಎದೆಯೊಳಗಿನ ಥೈಮಸ್ ಗ್ರಂಥಿಯ ಗಡ್ಡೆ ಇದೆಯೇ ನೋಡಲು ಎದೆಯ ಸಿಟಿ ಮಾಡಿಸಿ ಎಂದು ಒಂದು ಸಾಲು ಸೇರಿಸುತ್ತೇನೆ.

ಆ ಮೊದಲ ದಿನದ ಸ್ಲೈಡನ್ನು ನಮ್ಮ ಟೆಕ್ನಿಷಿಯನ್ ಬಣ್ಣ ಹಾಕಿ ಟ್ರೇಯಲ್ಲಿ ಇಟ್ಟಿದ್ದ. ಆಮೇಲೆ ತೆಗೆದು ನೋಡಿದೆ. ನ್ಯೂಕ್ಲಿಯಸ್ ಇರುವ ಕೆಂಪು ಕಣ, ನೂರಕ್ಕೆ 4.