ಗಾಢ ಟೆರಾಕೋಟಾ ಬಣ್ಣವನ್ನು ಗೋಡೆಗೆ ಬಳಿಸುವ ಮುನ್ನ

ಒಳಗೋಡೆಗಳಿಗೆ ಗಾಢ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ ಕೆಂಗಂದು ಬಣ್ಣವನ್ನು ಆರಿಸಿಕೊಳ್ಳುವವರು ಶೇಡ್ ಕಾರ್ಡಿನ ಸಣ್ಣ ಚೌಕವನ್ನಷ್ಟೇ ನೋಡಿ ನಿರ್ಧರಿಸಬಾರದೆಂದು ನನ್ನ ವಿನಂತಿ. ಕಾರ್ಡಿನಲ್ಲಿ ಹಿತವಾಗಿ ಕಾಣುವ ಬಣ್ಣವು ನಾಲ್ಕೂ ಗೋಡೆಗಳಿಗೆ ಹರಡಿದಾಗ, ಒಂದರ ಕೆಂಪು ಇನ್ನೊಂದರ ಮೇಲೆ ಪ್ರತಿಫಲಿಸಿ ಮತ್ತಷ್ಟು ತೀವ್ರವಾಗುತ್ತದೆ. ಆದ್ದರಿಂದ ದೊಡ್ಡದೊಂದು ರಟ್ಟಿಗೆ ಎರಡು ಕೋಟ್ ಬಳಿದು, ಪೂರ್ತಿ ಒಣಗಿದ ಮೇಲೆ ಕಿಟಕಿಯ ಪಕ್ಕದಲ್ಲೂ ಕತ್ತಲೆಯ ಮೂಲೆಯಲ್ಲೂ ಒರಗಿಸಿಟ್ಟು, ಬೆಳಗಿನ ಬಿಸಿಲಿನಲ್ಲೊಮ್ಮೆ, ರಾತ್ರಿ ದೀಪ ಹಚ್ಚಿದಾಗೊಮ್ಮೆ ಗಮನಿಸಬೇಕು.

ದೀಪದ ಆಯ್ಕೆಯೂ ಬಣ್ಣದ ಆಯ್ಕೆಯಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ. ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕಿನಲ್ಲಿ ಬೆಚ್ಚಗೆ ಕಾಣುವ ಗೋಡೆಯೇ 6500 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ಮಂಕಾಗಿ, ಕಂದುಗಟ್ಟಿದಂತೆ ತೋರುತ್ತದೆ. ಗಾಢ ಬಣ್ಣವು ಬೆಳಕನ್ನು ಹೆಚ್ಚು ಹೀರಿಕೊಳ್ಳುವುದರಿಂದ, ಛಾವಣಿಯ ಒಂದು ದೀಪದ ಜೊತೆಗೆ ಗೋಡೆಯ ಬದಿಯಲ್ಲಿ ಇನ್ನೊಂದನ್ನು ಇಡುವುದು ಒಳ್ಳೆಯದು.

ಹೊಳಪಿಲ್ಲದ ಮ್ಯಾಟ್ ಫಿನಿಶ್ ಈ ಬಣ್ಣದ ಮಣ್ಣಿನ ಗುಣಕ್ಕೆ ಒಪ್ಪುತ್ತದೆ. ಗೋಡೆಯ ಸಣ್ಣಪುಟ್ಟ ಏರುಪೇರುಗಳೂ ಅದರಲ್ಲಿ ಎದ್ದು ಕಾಣುವುದಿಲ್ಲ. ಆದರೆ ಗಾಢ ಮ್ಯಾಟ್ ಗೋಡೆಯ ಮೇಲೆ ಉಜ್ಜಿದ ಗುರುತು ಬೇಗ ಉಳಿಯುತ್ತದೆಯಾದ್ದರಿಂದ, ಸ್ವಿಚ್‌ಬೋರ್ಡಿನ ಸುತ್ತ ಹಾಗೂ ಓಡಾಡುವ ದಾರಿಯಲ್ಲಿ ತೊಳೆಯಬಹುದಾದ ಪೇಂಟನ್ನೇ ಬಳಸಿ. ಬಿಳಿ ಗೋಡೆಯ ಮೇಲೆ ನೇರವಾಗಿ ಬಳಿದರೆ ಮೂರನೆಯ ಕೋಟ್ ಬೇಕಾಗಬಹುದು. ಪೇಂಟಿಗೆ ಮೊದಲು ಬಳಿಯುವ ತಳಲೇಪವಾದ ಪ್ರೈಮರ್ ಅನ್ನು ಬಣ್ಣ ಬೆರೆಸಿ ಹಾಕಿಸಿದರೆ ಸಾಮಾನ್ಯವಾಗಿ ಎರಡೇ ಸಾಕು.

ಛಾವಣಿಗೂ ಬಾಗಿಲಿನ ಚೌಕಟ್ಟಿಗೂ ಅಚ್ಚ ಬಿಳಿಯ ಬದಲು ಕೆನೆಬಣ್ಣವಿರಲಿ. ಕೆಂಪು ಛಾಯೆಯ ಮರದ ಪೀಠೋಪಕರಣಗಳು ಈ ಗೋಡೆಯಲ್ಲಿ ಕರಗಿಹೋಗುವುದರಿಂದ, ತಿಳಿ ಬಣ್ಣದ ಅಥವಾ ತೀರಾ ಕಪ್ಪಗಿನ ಮರವನ್ನು ಅಲ್ಲಿಡುವುದು ಲೇಸು.